ಮೊಣಕಾಲಿನ ನೆಪ

ಮೊನ್ನೆ ನನ್ನ ಹೊಲಿಗೆ ಅಂಗಡಿಯ ಚಿಂದಿ ಚೀಲವನ್ನು ಕೊಡವಿ ಸುರಿದಾಗ ಅಂಗೈ ಅಗಲದ ಒಂದು ನೀಲಿ ತುಂಡು ಕೈಗೆ ಬಂತು. ಬಳ್ಳಾರಿಯಲ್ಲಿ ನೀಲಿ ಚಿಂದಿಗೇನೂ ಬರವಿಲ್ಲ ಬಿಡಿ, ಎಷ್ಟೋ ಓಣಿಗಳಲ್ಲಿ ಬೆಳಗಾದರೆ ಜೀನ್ಸ್ ಹೊಲಿಯುವ ಮಿಷನ್ನುಗಳದ್ದೇ ಸದ್ದು. ಆದರೆ ಇದು ಆ ನೀಲಿ ಅಲ್ಲ. ಎಳೆದರೆ ಎಳೆದಷ್ಟು ಬಂದು, ಬಿಟ್ಟರೆ ಪಟ್ಟನೆ ತನ್ನ ಅಳತೆಗೆ ಮರಳುವ ಜಾರುಬಟ್ಟೆ. ಅದನ್ನು ಎಳೆಯುತ್ತ ಬಿಡುತ್ತ ಒಬ್ಬಳೇ ನಗುತ್ತ ಕೂತಿದ್ದೆ. ಬ್ಲೌಸ್ ಒಯ್ಯಲು ಬಂದಿದ್ದ ಹುಡುಗಿ ನನ್ನ ಮುಖ ನೋಡಿ, ಆಮೇಲೆ ಬರುತ್ತೇನೆಂದು ಹೊರಟೇಹೋದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ಹೆಸರು ಗಂಗಮ್ಮ. ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ, ಕಾಲುವೆ ನೀರಿಗೆ ಭತ್ತ ಬೆಳೆಯುವ ಊರು. ಗಂಡನದು ಬಳ್ಳಾರಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಹೆಸರಿನಲ್ಲಿ ಗಂಗೆ, ತವರಿನಲ್ಲಿ ಕಾಲುವೆ, ಗಂಡನ ಕೈಯಲ್ಲಿ ನೀರೆತ್ತುವ ಮೋಟರು. ಇಷ್ಟಿದ್ದೂ ಐವತ್ತು ತುಂಬುವವರೆಗೆ ನಾನು ತಲೆಯ ಮೇಲೆ ಒಂದು ತಂಬಿಗೆ ನೀರನ್ನು ಧೈರ್ಯವಾಗಿ ಸುರಿದುಕೊಂಡವಳಲ್ಲ. ತಲೆಸ್ನಾನದ ದಿನ ಒಂದು ಕೈಯಲ್ಲಿ ಮೂಗು ಹಿಡಿದು, ಕಣ್ಣು ಬಿಗಿದು, ಒಂದು ತಂಬಿಗೆಗೂ ಇನ್ನೊಂದಕ್ಕೂ ನಡುವೆ ಏದುಸಿರು ಬಿಡುತ್ತಿದ್ದೆ. ನನ್ನ ಮಗಳು ಚಿಕ್ಕವಳಿದ್ದಾಗ, ನಮ್ಮವ್ವ ನೀರಿನ ಕೂಡ ಜಗಳ ಆಡ್ತಾಳ ಎಂದು ಓಣಿಗೆಲ್ಲ ಸಾರಿ ಬಂದಿದ್ದಳು.

ಅದಕ್ಕೆ ಕಾರಣ ಇತ್ತು. ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮೂರಿನ ಗಂಡುಹುಡುಗರೆಲ್ಲ ಸಾಲಿ ಮುಗಿಸಿ ಸೇತುವೆಯ ಮೇಲಿಂದ ಧುಮುಕುತ್ತಿದ್ದರು. ನನ್ನ ಅಣ್ಣ ಮಲ್ಲಣ್ಣ ಅವರ ಮುಂದಾಳು. ನನ್ನ ಕೆಲಸ ದಂಡೆಯ ಮೇಲೆ ಕೂತು ಅವರ ಅಂಗಿ ಚಡ್ಡಿಗಳನ್ನು ಆಡು ಮೇಯದಂತೆ ಕಾಯುವುದು. ಒಳ್ಳೆಯ ಕಾವಲುಗಾರ್ತಿಯಾಗಿದ್ದೆ, ಒಂದು ಗುಂಡಿಯೂ ಕಳೆದಿರಲಿಲ್ಲ. ನಾನೂ ಇಳಿಯಲೇ ಎಂದು ಅವ್ವನನ್ನು ಕೇಳಿದೆ. "ಹೆಣ್ಮಕ್ಳು ಈಜಿದ್ರ..." ಎಂದು ಶುರು ಮಾಡಿ ಅವ್ವ ರೊಟ್ಟಿ ತಿರುವಿಹಾಕಿದಳು. ಅಜ್ಜಿಯನ್ನು ಕೇಳಿದೆ, ಅವಳೂ ಅಷ್ಟೇ ಹೇಳಿ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಆ ಮಾತನ್ನು ಕೊನೆಯವರೆಗೆ ಹೇಳಿ ಮುಗಿಸಿದವರನ್ನು ನಾನು ಇವತ್ತಿಗೂ ಕಂಡಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಅಣ್ಣ ಊಟಕ್ಕೆ ಹೋಗಿದ್ದಾಗ, ಅವನ ಬೆಂಡನ್ನು ಕದ್ದೆ. ಈಜು ಕಲಿಯುವವರು ಮುಳುಗದಿರಲೆಂದು ಬೆನ್ನಿಗೆ ಕಟ್ಟಿಕೊಳ್ಳುವ ಹಗುರ ಕಟ್ಟಿಗೆ ಅದು. ಕಟ್ಟಿಕೊಂಡು ಇಳಿದೆ. ಮೊದಲ ಎರಡು ಕ್ಷಣದಂಥ ಸುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೂರನೇ ಕ್ಷಣಕ್ಕೆ ಲಂಗದೊಳಗೆ ನೀರು ಹೊಕ್ಕಿತು, ಗಂಟು ಜಾರಿತು, ಬೆಂಡು ತನ್ನ ಪಾಡಿಗೆ ತಾನು ತೇಲಿಹೋಯಿತು. ನಾಟಿ ಮುಗಿಸಿ ಕಾಲು ತೊಳೆಯಲು ಬಂದಿದ್ದ ಹೆಣ್ಣಾಳೊಬ್ಬಳು ನನ್ನ ಜಡೆ ಹಿಡಿದು ಎಳೆದು ಹಾಕಿದಳು. ಮನೆಗೆ ಸುದ್ದಿ ಮುಟ್ಟಿತು. ಅವ್ವ ಹೊಡೆದದ್ದು ನಾನು ಸಾಯುತ್ತಿದ್ದೆ ಎಂದಲ್ಲ, ಲಂಗ ಸೊಂಟದವರೆಗೆ ಎದ್ದಿತ್ತು, ಸೇತುವೆಯ ಮೇಲೆ ಗಂಡಸರಿದ್ದರು ಎಂದು. ಹುಡುಗಿ ಬದುಕಿದಳಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಬೆಂಡು ಕಳೆದ ಸಿಟ್ಟಿಗೆ ಮಲ್ಲಣ್ಣ ಒಂದು ವಾರ ಮಾತು ಬಿಟ್ಟ. ಆಮೇಲೆ ನನಗೂ ನೀರಿಗೂ ಮಾತು ನಿಂತಿತು, ನಲವತ್ತು ವರ್ಷ.

ಮಾತು ಮತ್ತೆ ಶುರುವಾಗಿದ್ದು ಮೊಣಕಾಲಿನಿಂದ. ಬಲಗಾಲಲ್ಲಿ ಮಿಷನ್ನು ತುಳಿದು ತುಳಿದು ಆ ಮೊಣಕಾಲು ಊದಿಕೊಂಡು, ಮೆಟ್ಟಿಲೆಂದರೆ ಕಣ್ಣಲ್ಲಿ ನೀರು ಬರುವಂತಾಯಿತು. ಡಾಕ್ಟರ ಹತ್ತಿರ ಹೋಗುವ ದಿನ ನಮ್ಮ ಅತ್ತೆಯೂ ಜೊತೆಗಿದ್ದರು. ಅತ್ತೆ ಕುರುಗೋಡಿನಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾರೆ, ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಾರೆ. ಉಳಿದ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವರ ಫೋನು. ಏನು ಅಡಿಗೆ, ಯಾರು ಬಂದಿದ್ದರು, ಯಾಕೆ ಬಂದಿದ್ದರು, ಮೂರು ಪ್ರಶ್ನೆ. ಎಪ್ಪತ್ತೆಂಟು ದಾಟಿದರೂ ನಮ್ಮ ಮನೆಯ ಕೀಲಿಕೈ ಇನ್ನೂ ಅವರ ಸೊಂಟದಲ್ಲೇ ಇದೆ ಎಂದು ನನಗೆ ಅನ್ನಿಸುತ್ತಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ನಡಿಗೆ ಬೇಡ, ದಿನಾ ಒಂದು ತಾಸು ಈಜಿ ಎಂದರು. ಅತ್ತೆ ಅನುಮಾನದಿಂದ, ಗುಳಿಗಿ ಇಲ್ಲೇನ್ರಿ ಎಂದು ಕೇಳಿದರು. ಇದೇ ಗುಳಿಗೆ ಅಮ್ಮಾ ಎಂದು ಅವರು ಚೀಟಿಯಲ್ಲಿ ಬರೆದೂ ಕೊಟ್ಟರು.

ಆ ಚೀಟಿಯನ್ನು ನಾನು ಲೈಸೆನ್ಸಿನಂತೆ ಪರ್ಸಿನಲ್ಲಿ ಇಟ್ಟುಕೊಂಡೆ. ಅತ್ತೆಯೂ ನನ್ನ ಪರವಾಗಿ ಕುರುಗೋಡಿನಿಂದ ಸಿರುಗುಪ್ಪದವರೆಗೆ ಬಂಧುಗಳಿಗೆಲ್ಲ ಫೋನು ಮಾಡಿ, ಔಷಧಿ ಅದು, ಡಾಕ್ಟರ್ ಹೇಳ್ಯಾನ, ಇಲ್ಲಂದ್ರ ನಾವ್ಯಾಕ ಕಳಸ್ತಿದ್ವಿ ಎಂದು ತಿಳಿಸಿದರು. ಮೊಣಕಾಲು ನೋಯುವ ಸೊಸೆ ನೀರಿಗಿಳಿಯಬಹುದು. ಎಲ್ಲರೂ ಒಪ್ಪಿದರು.

ಈಜುಕೊಳದಲ್ಲಿ ಹನ್ನೊಂದರಿಂದ ಹನ್ನೆರಡರವರೆಗೆ ಹೆಂಗಸರ ಹೊತ್ತು. ಕಲಿಸುವವಳು ನಸೀಮಾ, ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು, ಸೀಟಿ ಊದಿದರೆ ಕೋಟೆ ಗುಡ್ಡಕ್ಕೆ ಕೇಳಬೇಕು. ಹತ್ತಿಬಟ್ಟೆ ನಡೆಯಂಗಿಲ್ಲ ಅಕ್ಕ, ಈಜುವ ಡ್ರೆಸ್ಸೇ ಬೇಕು ಎಂದಳು. ಅಂಗಡಿಯಲ್ಲಿ ತೋರಿಸಿದ್ದನ್ನು ನೋಡಿ ನಾನು ಕಿವಿಯವರೆಗೆ ಕೆಂಪಾಗಿ, ಮೂವತ್ತು ವರ್ಷ ಹೊಲಿದವಳು ನಾನೇ ಹೊಲಿದುಕೊಳ್ಳುತ್ತೇನೆ ಎಂದು ಜಂಬದಿಂದ ವಾಪಸು ಬಂದೆ. ನೈಟಿ ಹೊಲಿಯುವ ಪಾಲಿಯೆಸ್ಟರಿನಲ್ಲಿ ಮುಂಗೈವರೆಗೆ ತೋಳು, ಪಾದದವರೆಗೆ ಪೈಜಾಮ, ಮರ್ಯಾದೆಗೆಂದು ಮೇಲೊಂದು ಫ್ರಿಲ್ಲು. ಅದನ್ನು ಹಾಕಿಕೊಂಡು ನೀರಿಗಿಳಿದಾಗ ಒಳಗೆ ಗಾಳಿ ಸೇರಿ ಬೆನ್ನು ಹೊಟ್ಟೆ ಎರಡೂ ಉಬ್ಬಿಕೊಂಡವು. ನಾನು ನಿಂತಲ್ಲೇ ಗಿರಗಿರನೆ ತಿರುಗತೊಡಗಿದೆ. ಕೊಳದಲ್ಲಿದ್ದ ಹೆಂಗಸರೆಲ್ಲ ಅಂಚು ಹಿಡಿದುಕೊಂಡು ನಕ್ಕರು. ಅವರಲ್ಲೊಬ್ಬ ತೆಲುಗಿನಾಕೆ ಕಣ್ಣೊರೆಸಿಕೊಳ್ಳುತ್ತಲೇ ಬಂದು, ಏಮ್ ಕಾದಕ್ಕಾ ಎಂದು ಬೆನ್ನಿನ ಗಾಳಿಯನ್ನು ತಟ್ಟಿ ತಟ್ಟಿ ಹೊರಡಿಸಿದಳು. ಏನೂ ಆಗುವುದಿಲ್ಲ ಎಂದು ಅವಳು ಹೇಳಿದಳೆಂದೇ ಮರುದಿನ ಮತ್ತೆ ಹೋದೆ.

ಆಗ ತಂದದ್ದು ಆ ನೀಲಿ ಬಟ್ಟೆ. ಕನ್ನಡಿಯ ಮುಂದೆ ನಿಂತು ಟೇಪನ್ನು ನನ್ನ ಮೈಗೆ ನಾನೇ ಸುತ್ತಿಕೊಂಡೆ. ಎಷ್ಟು ಹೆಣ್ಣುಮಕ್ಕಳ ಎದೆ, ಸೊಂಟ, ತೋಳು ಅಳೆದಿದ್ದೇನೋ ಲೆಕ್ಕವಿಲ್ಲ. ಬಂದವರೆಲ್ಲ ಹೇಳುವುದು ಬೇರೆಯವರ ಮಾತು. ಹಿಂದೆ ಇಷ್ಟು ಇಳಿಸಬೇಡಿ ನಮ್ಮತ್ತೆ ಬೈತಾರೆ, ತೋಳು ಉದ್ದ ಇರಲಿ ನಮ್ಮನೆಯವರಿಗೆ ಸರಿಬರಲ್ಲ. ಅಳತೆ ಮೈಯದ್ದು, ಹೊಲಿಗೆ ಮಂದಿಯದ್ದು. ನನ್ನದನ್ನು ನಾನು ಮೊಣಕೈಗೂ ಮೊಣಕಾಲಿಗೂ ನಿಲ್ಲಿಸಿ, ಫ್ರಿಲ್ಲಿಲ್ಲದೆ, ಮೈಗೆ ಅಂಟುವಂತೆ ಹೊಲಿದೆ. ಯಾರನ್ನೂ ಕೇಳಲಿಲ್ಲ. ಹೊಲಿದು ಮುಗಿಸುವವರೆಗೆ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡಿದ್ದೆ, ಕದ್ದ ಮಾಲು ಹೊಲಿಯುತ್ತಿರುವ ಹಾಗೆ.

ಬಟ್ಟೆ ಸರಿಹೋಯಿತು, ನಾನು ಸರಿಹೋಗಲಿಲ್ಲ. ಮೊದಲ ಪಾಠ ಮುಖವನ್ನು ನೀರಿಗಿಟ್ಟು ಬಾಯಿಂದ ಗುಳುಗುಳು ಉಸಿರು ಬಿಡುವುದು. ಅಂಗನವಾಡಿ ಮಕ್ಕಳು ಮಾಡುವ ಕೆಲಸ. ಒಂಬತ್ತು ದಿನ ನನ್ನಿಂದ ಆಗಲಿಲ್ಲ. ಗದ್ದ ಒದ್ದೆಯಾಗುವವರೆಗೆ ಬಾಗುತ್ತಿದ್ದೆ, ಅಷ್ಟರಲ್ಲಿ ಯಾರೋ ಜಡೆ ಹಿಡಿದೆಳೆದಂತೆ ಕತ್ತು ಹಿಂದಕ್ಕೆ ಹೋಗುತ್ತಿತ್ತು. ನನ್ನ ಜೊತೆ ಸೇರಿದವರೆಲ್ಲ ಆಚೆ ದಂಡೆ ಮುಟ್ಟಿದರು. ನಾನು ಮೊದಲ ಮೆಟ್ಟಿಲಲ್ಲೇ. ಹತ್ತನೇ ದಿನ ನಸೀಮಾ ನನ್ನೆದುರಿಗೆ ನೀರಲ್ಲಿ ಕೂತು ಮೆಲ್ಲಗೆ ಹೇಳಿದಳು:

"ಅಕ್ಕ, ನೀವು ಉಸಿರು ಒಳಗ ತಗೊಂಡು ಕುಂತೀರಿ. ಒಳಗಿದ್ದದ್ದು ಹೊರಗ ಹೋಗಲಿ. ನೀರು ನಿಮ್ಮ ಮೂಗಿನ್ಯಾಗ ಬರಾಕ ಜಾಗ ಎಲ್ಲೈತಿ?"

ಇಷ್ಟೇ ಮಾತು. ಕಣ್ಣು ಮುಚ್ಚಿ ಮುಖ ಇಟ್ಟೆ, ಉಸಿರು ಬಿಟ್ಟೆ. ಕಿವಿಯ ಪಕ್ಕದಲ್ಲೇ ಅನ್ನ ಕುದಿದಂತೆ ಸದ್ದು. ನೀರು ಒಳಗೆ ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ತಲೆ ಎತ್ತಿ ಇನ್ನೊಮ್ಮೆ ಇಟ್ಟೆ, ಮತ್ತೊಮ್ಮೆ ಇಟ್ಟೆ, ಸೀಟಿ ಊದಿದರೂ ನಿಲ್ಲಿಸಲಿಲ್ಲ. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ತುಂಬಿದ ಬಕೆಟ್ಟಿಗೆ ಮುಖ ಅದ್ದಿ ಗುಳುಗುಳು ಮಾಡುತ್ತಿದ್ದಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಪೈಪಿನ್ಯಾಗ ಗಾಳಿ ಹಿಡದೈತೇನೋ ಅಂತ ಬಂದೆ ಎಂದು ಸ್ಪ್ಯಾನರು ಹಿಡಿದುಕೊಂಡು ವಾಪಸು ಹೋದರು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಮಲಗಿ ತೇಲಿದ ಮೊದಲ ದಿನ ಮರೆಯಲಾರೆ. ಕಿವಿಗಳು ನೀರೊಳಗೆ, ಬಳ್ಳಾರಿಯ ಹಾರ್ನು, ಆಟೋ, ಮಂದಿ ಎಲ್ಲವೂ ನಿಂತುಹೋಗಿ, ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಅಷ್ಟು ದಪ್ಪನೆಯ ನಾನು ಹಗುರವಾಗಿ ಮಲಗಿದ್ದೆ, ಯಾವ ಕೆಲಸವನ್ನೂ ಮಾಡದೆ, ಯಾರ ಪಕ್ಕದಲ್ಲೂ ಅಲ್ಲದೆ. ಆಟೋದಲ್ಲಿ ಒದ್ದೆ ತಲೆ ಬಿಟ್ಟುಕೊಂಡು ಕೂತು, ಚಾಲಕನಿಗೆ ನಾನು ತೇಲಿದೆ ಎಂದು ಹೇಳಿದೆ. ಅವನು ಕನ್ನಡಿಯಲ್ಲಿ ನೋಡಿ, ಎಲ್ಲಿ ಇಳೀತೀರಿ ಅಂದ.

ಆರು ತಿಂಗಳಲ್ಲಿ ಮೊಣಕಾಲಿನ ಊತ ಇಳಿಯಿತು, ನೋವು ಹೋಯಿತು. ಯಾವತ್ತು ಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು ಅತ್ತೆಗೆ.

ಕುರುಗೋಡಿನಲ್ಲಿ ಶಾವಿಗೆ ಹೊಸೆಯುವ ಕೆಲಸವಿತ್ತು. ನಾನು ಒಣಹಾಕುವ ಉಸ್ತುವಾರಿ ವಹಿಸಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮಾಳಿಗೆಯ ಮೆಟ್ಟಿಲನ್ನು ಏರುವುದು ಇಳಿಯುವುದು ಮಾಡುತ್ತಿದ್ದೆ. ಐದನೇ ಸಲ ಇಳಿದಾಗ ಅತ್ತೆ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು. ಮಣಕಾಲು ಹೆಂಗೈತಿ ಗಂಗಾ ಎಂದು ಕೇಳಿದರು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ. ಮೊಣಕಾಲು ಗುಣವಾದರೆ ಔಷಧಿ ನಿಲ್ಲುತ್ತದೆ. ಇನ್ನೂ ಐತ್ರಿ ಅತ್ತಿ, ಒಳಗೊಳಗ ಚಳಕು ಹೊಡೀತೈತಿ ಎಂದು ಹೇಳಿ ಕುಂಟುತ್ತ ಅಡಿಗೆಮನೆಗೆ ಹೋದೆ. ಹಿಂದಿನಿಂದ ಅತ್ತೆಯ ಧ್ವನಿ ಬಂತು.

"ನೋವಿದ್ದದ್ದು ಬಲಗಾಲು."

ನಾನು ಎಡಗಾಲಲ್ಲಿ ಕುಂಟುತ್ತಿದ್ದೆ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಬಳ್ಳಾರಿಗೆ ವಾಪಸು ಬಂದಮೇಲೆ ಎರಡು ವಾರ ಬಲಗಾಲಲ್ಲಿ ಕುಂಟಿದೆ. ಈಜುಕೊಳದ ಎದುರಿಗೆ ನಮ್ಮ ಬಂಧುವೊಬ್ಬರ ಸ್ಟೇಷನರಿ ಅಂಗಡಿ. ಒಳಗೆ ಮೀನಿನ ಹಾಗೆ ಆಡಿ, ಗೇಟು ದಾಟುವಾಗ ಕಾಲೆಳೆಯುತ್ತ ಹೋಗುತ್ತಿದ್ದೆ. ಒಂದು ದಿನ ನಸೀಮಾ ಗೇಟಿನ ಹತ್ತಿರ ಅದನ್ನು ನೋಡಿ ಓಡಿ ಬಂದು ಎಲ್ಲಿ ಜಾರಿದಿರೆಂದು ಕೇಳಿದಳು. ಎಳೆದುಕೊಂಡು ಹೋಗಿ ನೆರಳಲ್ಲಿ ಕೂಡಿಸಿ, ಕಾಲು ಒತ್ತಿ ನೋಡಿದಳು. ಕೊನೆಗೆ ನಿಜ ಹೇಳಬೇಕಾಯಿತು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಅಕ್ಕ, ಚಲೋ ಇರೋ ಕಾಲನ್ನ ಹಿಂಗ ಎಳದ್ರ ಅದು ಖರೇನ ಕೆಡತೈತಿ ಎಂದಳು. ತನ್ನ ಮನೆಯಲ್ಲಿ ಈ ಕೆಲಸಕ್ಕೆ ಸೇರುತ್ತೇನೆಂದು ಹೇಳಿದ ದಿನ ಯಾವ ನೆಪವೂ ಇರಲಿಲ್ಲವೆಂದೂ, ಮೂರು ತಿಂಗಳು ಅಪ್ಪ ತನ್ನ ಕೈಯ ಚಹಾ ಕುಡಿಯಲಿಲ್ಲವೆಂದೂ, ಈಗ ಕುಡಿಯುತ್ತಾರೆಂದೂ ಸೀಟಿಯ ದಾರ ಬೆರಳಿಗೆ ಸುತ್ತುತ್ತ ಹೇಳಿ ಎದ್ದು ಹೋದಳು.

ಆ ಹುಡುಗಿಯ ಮುಂದೆ ನನಗೆ ಬಹಳ ನಾಚಿಕೆಯಾಯಿತು. ನೀರಿನ ಭಯ ಗೆದ್ದೆ ಎಂದು ಊರೆಲ್ಲ ಕುಣಿದಿದ್ದೆನಲ್ಲ, ಗೆದ್ದದ್ದು ಅರ್ಧ ಮಾತ್ರ. ನನ್ನ ಸಂತೋಷಕ್ಕೆ ಒಂದು ರೋಗದ ಮುಸುಕು ಹಾಕಿ ಹೊರಗೆ ಕರೆದೊಯ್ಯುತ್ತಿದ್ದೆ. ಮರುದಿನ ಅಂಗಡಿ ಮುಚ್ಚಿ ಕುರುಗೋಡಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು ಮಾತನ್ನು ಹತ್ತು ರೀತಿಯಲ್ಲಿ ಹೊಲಿದೆ, ಬಿಚ್ಚಿದೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಚಪ್ಪಲಿ ಬಿಟ್ಟು ನೇರ ಹೋಗಿ ಎದುರಿಗೆ ಕೂತೆ. ಹೊಲಿದ ಮಾತು ಒಂದೂ ನೆನಪಾಗಲಿಲ್ಲ.

"ಅತ್ತಿ, ನನ್ನ ಮಣಕಾಲು ಪೂರಾ ಬೇಸಾಗೈತ್ರಿ. ಆದ್ರೂ ನಾ ಈಜಾಕ ಹೋಗ್ತೀನಿ. ಖುಷಿಗೆ ಹೋಗ್ತೀನಿ."

ಅವರು ಜೋಳದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದರು. ಬರೇ ಖುಷಿಗೆ ಅಂತ ಯಾವ ಮನಿ ಹೆಣ್ಮಗಳು ಹೋಗ್ತಾಳ ಎಂದರು. ನಾ ಹೋಗ್ತೀನ್ರಿ ಎಂದೆ.

"ಔಷಧಿ ಅಂತ ಮಂದಿಗೆಲ್ಲ ಹೇಳಿದಾಕಿ ನಾನು. ಈಗ ಕೇಳಿದ್ರ ಏನ್ ಹೇಳ್ಲಿ?"

ಆರು ತಿಂಗಳು ನನ್ನ ಪರವಾಗಿ ಮಾತಾಡಿದ ಮುದುಕಿ ಅವರು. ನಿಮಗ ತಿಳಿದಂಗ ಹೇಳ್ರಿ ಎಂದೆ. ಅತ್ತೆ ಮತ್ತೆ ಜೋಳ ಹಸನು ಮಾಡತೊಡಗಿದರು. ಊಟ ಮಾಡಿ ಹೋಗು ಎಂದೂ ಅನ್ನಲಿಲ್ಲ. ನಮ್ಮ ಮನೆತನದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹೊಸ್ತಿಲು ದಾಟುವಾಗ ಕಣ್ಣು ಮಂಜಾಗಿತ್ತು. ಆದರೆ ಬಸ್ ಸ್ಟ್ಯಾಂಡಿಗೆ ಎರಡೂ ಕಾಲಿನಿಂದ ನೆಟ್ಟಗೆ ನಡೆದೆ, ಅಂಗಡಿ ಅಂಗಡಿಯ ಮುಂದೆ, ಬಿರುಸಾಗಿ, ಬಳೆ ಗಲಗಲ ಎನ್ನುವಂತೆ.

ಮರುದಿನ ಎಂಟಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವ್ವನ ಫೋನ್ ಯಾಕಿಲ್ಲ ಎಂದು ನಮ್ಮ ಮನೆಯವರು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈಯ ಗ್ರೀಸು ಒರೆಸುತ್ತ ಕೇಳಿಸಿಕೊಂಡರು. ಯಾರ ಪರವೂ ಮಾತಾಡಲಿಲ್ಲ, ಅವರ ಸ್ವಭಾವ ಅದು. ಆದರೆ ಯಾವಾಗಲೂ ಹಿಂದಿನ ಓಣಿಯಲ್ಲೇ ನನ್ನನ್ನು ಇಳಿಸಿ ಹೋಗುತ್ತಿದ್ದವರು ಮರುದಿನ ಸ್ಕೂಟರನ್ನು ಈಜುಕೊಳದ ಗೇಟಿಗೇ ತಂದು ನಿಲ್ಲಿಸಿದರು. ಎದುರಿನ ಸ್ಟೇಷನರಿ ಅಂಗಡಿಯ ಬಂಧುವಿಗೆ ಕೈಯೆತ್ತಿ ನಮಸ್ಕಾರವನ್ನೂ ಮಾಡಿದರು.

ಆ ಫೋನಿಲ್ಲದ ದಿನಗಳಲ್ಲೇ ಒಂದು ದಿನ ನಾನು ಆಳದ ಕಡೆಗೆ ಹೋದೆ. ಅಲ್ಲಿಯವರೆಗೆ ಎದೆಮಟ್ಟದ ನೀರಲ್ಲೇ ನನ್ನ ಆಟ, ಸಾಕೆನಿಸಿದರೆ ಕಾಲೂರಿದರಾಯಿತು. ಆಳದಲ್ಲಿ ಮೂರಾಳು ನೀರು, ಬಣ್ಣವೇ ಬೇರೆ, ಕಪ್ಪುನೀಲಿ. ಈ ಗೋಡೆಯಿಂದ ಆ ಗೋಡೆಗೆ ದಾಟಬೇಕು. ನಸೀಮಾ ದಂಡೆಯ ಮೇಲೆ ಉದ್ದನೆಯ ಕೋಲು ಹಿಡಿದು ನನ್ನ ಜೊತೆ ನಡೆದಳು. ಅರ್ಧದವರೆಗೆ ಎಲ್ಲ ಸರಿ ಇತ್ತು. ಅಲ್ಲಿ ಕೆಳಗೆ ನೋಡಿದೆ. ನೆಲವಿಲ್ಲ. ಕೈಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟು ಒದ್ದಾಡಿದವು, ಬಾಯಿಗೆ ನೀರು ಹೊಕ್ಕಿತು, ಕೋಲು ಮುಂದೆ ಬಂತು. ಹಿಡಿದರೆ ಮುಗಿಯಿತು, ಹಿಡಿಯಬಹುದಾಗಿತ್ತು. ಯಾಕೋ ಹಿಡಿಯಲಿಲ್ಲ. ಬೆನ್ನ ಮೇಲೆ ಹೊರಳಿ ಮಲಗಿದೆ. ನಿಲ್ಲು ಎಂದು ನನಗೆ ನಾನೇ ಹೇಳಿಕೊಂಡೆ, ಮಗುವಿಗೆ ಹೇಳಿದಂತೆ. ಒಂದು ಉಸಿರು, ಎರಡು, ಮೂರು. ಕೈ ನನ್ನ ಕೈಯಾಯಿತು, ಕಾಲು ನನ್ನ ಕಾಲಾಯಿತು. ಮತ್ತೆ ಬೋರಲಾಗಿ ಹೊರಟೆ. ಗೋಡೆಯ ಟೈಲ್ಸು ಬೆರಳಿಗೆ ತಾಗಿದಾಗ ಎಂಥ ಸಂತೋಷವಾಯಿತೆಂದರೆ ಅದನ್ನು ಹೊರುವಷ್ಟು ಜಾಗ ಮೈಯಲ್ಲಿರಲಿಲ್ಲ. ಅಂಚಿಗೆ ಜೋತುಬಿದ್ದು ಕಣ್ಣೀರಿಟ್ಟೆ, ನಕ್ಕೆ, ಕೆಮ್ಮಿದೆ. ತೆಲುಗಿನಾಕೆ ಚಪ್ಪಾಳೆ ತಟ್ಟಿದಳು. ನಸೀಮಾ ಕೋಲನ್ನು ಗೋಡೆಗೆ ಒರಗಿಸಿ ಸುಮ್ಮನೆ ತಲೆಯಾಡಿಸಿದಳು. ನಾನು ತಿರುಗಿ, ಬಂದ ದಾರಿಯಲ್ಲೇ ಇನ್ನೊಮ್ಮೆ ದಾಟಿದೆ, ಕೋಲಿಲ್ಲದೆ.

ಫೋನು ನಿಂತು ಹನ್ನೆರಡು ದಿನ ಕಳೆದ ಮೇಲೆ ಸಿರುಗುಪ್ಪದಲ್ಲಿ ನಮ್ಮ ನಾದಿನಿಯ ಮನೆಯಲ್ಲಿ ಅವಳ ಬಸುರಿ ಮಗಳಿಗೆ ಕುಬಸ ಇತ್ತು. ಹೋಗದೆ ಇರುವಂತಿಲ್ಲ. ಅತ್ತೆ ಪಡಸಾಲೆಯಲ್ಲಿ ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದರು. ಕಾಲಿಗೆ ನಮಸ್ಕಾರ ಮಾಡಿದೆ, ಹೂಂ ಎಂದರು, ಅಷ್ಟೇ. ನಾನು ಅಡಿಗೆಮನೆಗೆ ಹೋಗಿ ಹೋಳಿಗೆಯ ಹೆಂಚಿನ ಮುಂದೆ ಕೂತುಬಿಟ್ಟೆ. ಮುಖ ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಯಾವ ಸಮಾರಂಭದಲ್ಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ನಮ್ಮ ಮನೆಯವರ ಚಿಕ್ಕಮ್ಮ, ದೇಶನೂರಿನ ಚಿಗವ್ವನ ಧ್ವನಿ ಕೇಳಿಸಿತು. ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನಿಮ್ಮ ಬಳ್ಳಾರಿ ಸೊಸಿದು ಮಣಕಾಲು ಇನ್ನೂ ಬೇಸಾಗಿಲ್ಲೇನು, ಇನ್ನೂ ನೀರಿಗೆ ಹೋಗ್ತಾಳಂತಲ್ಲ ಎಂದು ಅತ್ತೆಯನ್ನು ಕೇಳುತ್ತಿದ್ದರು. ಅಡಿಗೆಮನೆಯಲ್ಲಿ ಎಲ್ಲರ ಕೈಯೂ ನಿಂತಿತು. ಲಟ್ಟಣಿಗೆ ಹಿಡಿದ ನಾದಿನಿ ನನ್ನನ್ನು ನೋಡಿದಳು. ಎದ್ದು ಹೋಗಿ ನಾನೇ ಹೇಳಬೇಕೆಂದುಕೊಂಡೆ, ಒಂದು ಕಾಲು ಊರಿಯೂ ಇದ್ದೆ. ಅಷ್ಟರಲ್ಲಿ ಅತ್ತೆ ಮಾತಾಡಿದರು, ಅವಸರವಿಲ್ಲದೆ, ಎಲೆಗೆ ಸುಣ್ಣ ಹಚ್ಚುತ್ತ ಮಾತಾಡುವ ಅವರ ಧಾಟಿಯಲ್ಲಿ.

"ಮಣಕಾಲು ಯಾವಾಗೋ ಬೇಸಾಗೈತಿ. ಆಕಿಗೆ ಈಜೋದಂದ್ರ ಖುಷಿ, ಹೋಗ್ತಾಳ."

ಚಿಗವ್ವ ಬಿಡುವವರಲ್ಲ. ಖುಷಿ ಅಂತ ನೀವೂ ಬಿಟ್ಟೀರೇನು ಎಂದು ಮತ್ತೆ ಕೇಳಿದರು.

"ಬಿಡಾಕ ನಾ ಯಾರು? ಐವತ್ತು ದಾಟ್ಯಾವ ಆಕಿಗೆ."

ಪಡಸಾಲೆಯಲ್ಲಿ ಮಾತು ಬಸುರಿಯ ಸೀರೆಯ ಕಡೆಗೆ ಹೊರಳಿತು. ಅಡಿಗೆಮನೆಯಲ್ಲಿ ಸೀದ ವಾಸನೆ ಎದ್ದಿತು. ನನ್ನ ಹೆಂಚಿನ ಮೇಲಿನ ಹೋಳಿಗೆ ಒಂದು ಬದಿ ಪೂರ್ತಿ ಕಪ್ಪಾಗಿತ್ತು. ಅದನ್ನು ಪಂಗತಿಗೆ ಹೇಗೆ ಬಡಿಸುವುದು? ಮೇಲೊಂದು ಚಮಚ ತುಪ್ಪ ಹಾಕಿ, ಹೆಂಚಿನ ಮುಂದೆ ಕೂತಲ್ಲೇ, ದೇವರ ಎಡೆಗೂ ಮೊದಲು, ಬಿಸಿಬಿಸಿಯಾಗಿ ನಾನೊಬ್ಬಳೇ ತಿಂದೆ.